ಮೊದಲು ತಿರುವು, ಆಮೇಲೆ ವಿಮಾನ

2018ರ ನವೆಂಬರ್ 4, ಭಾನುವಾರ. ಮಲೇಷ್ಯಾದ ಸೆಪಾಂಗ್ ಸರ್ಕ್ಯೂಟ್‌ನಲ್ಲಿ ಮೋಟೋಜಿಪಿ, ಅಂದರೆ ಮೋಟರ್‌ಸೈಕಲ್ ವಿಶ್ವ ಚಾಂಪಿಯನ್‌ಶಿಪ್‌ನ ಮುಖ್ಯ ರೇಸ್, ಮುಗಿಯಲು ಇನ್ನು ನಾಲ್ಕೇ ಸುತ್ತು. ಇಟಲಿಯ ವ್ಯಾಲೆಂಟಿನೊ ರೋಸಿ ಮುಂದಿದ್ದ. ಹಿಂದೆ ಸ್ಪೇನಿನ ಮಾರ್ಕ್ ಮಾರ್ಕೆಸ್ ಬೆನ್ನು ಹತ್ತಿದ್ದ. ನಾನು ಕೂತಿದ್ದು ಕೊನೆಯ ತಿರುವಿನ ಬಳಿ. ಸುತ್ತ ಎಲ್ಲಿ ನೋಡಿದರೂ ಹಳದಿ ಟೋಪಿ, ಹಳದಿ ಬಾವುಟ, ಎಲ್ಲ ರೋಸಿಯ ಬಣ್ಣ. ರೋಸಿ ನಮ್ಮೆದುರು ತಿರುಗಿ ನೇರ ದಾರಿಗೆ ಬಿದ್ದ. ಎಲ್ಲರೂ ಎದ್ದು ಕಿರುಚಿದರು, ನಾನೂ ಕಿರುಚಿದೆ. ಇನ್ನೂ ಕೂತಿರಲಿಲ್ಲ, ಆ ತುದಿಯಿಂದ ಒಂದು ಸದ್ದು ಬಂತು. ಕೂಗಲ್ಲ ಅದು. ಸಾವಿರಾರು ಜನ ಒಟ್ಟಿಗೆ ‘ಅಯ್ಯೋ’ ಅಂದ ಹಾಗೆ. ಏನಾಯ್ತು ಅಂತ ಪಕ್ಕದವರನ್ನು ಕೇಳಿದರೆ ಅವರಿಗೂ ಗೊತ್ತಿಲ್ಲ. ದೊಡ್ಡ ಪರದೆ ನನ್ನ ಸೀಟಿಗೆ ಓರೆಯಾಗಿತ್ತು, ಬೆಳಕಿಗೆ ಮಂಕಾಗಿತ್ತು. ಕಣ್ಣು ಕಿರಿದು ಮಾಡಿ ನೋಡಿದೆ. ಮೊದಲ ತಿರುವಿನಲ್ಲಿ ರೋಸಿ ಬಿದ್ದಿದ್ದ.

ಅಷ್ಟು ದೂರ ಹೋಗಿ, ಆ ದಿನದ ಅತಿ ದೊಡ್ಡ ಘಟನೆಯನ್ನು ನಾನು ಕಿವಿಯಲ್ಲಿ ನೋಡಿದೆ.

ಇಷ್ಟೇ ಆಗಿದ್ದರೆ ದುರದೃಷ್ಟ ಅಂತ ಸುಮ್ಮನಾಗಬಹುದಿತ್ತು. ಆದರೆ ಅದಕ್ಕೂ ಮೊದಲು ಇನ್ನೊಂದು ಪೆದ್ದತನ ಮಾಡಿದ್ದೆ. ಮಧ್ಯಾಹ್ನ ಮಳೆ ಬರುತ್ತದೆ ಅನ್ನುವ ಮುನ್ಸೂಚನೆ ಇದ್ದದ್ದರಿಂದ ಭಾನುವಾರದ ಎಲ್ಲ ರೇಸ್‌ಗಳನ್ನೂ ಎರಡು ಗಂಟೆ ಹಿಂದಕ್ಕೆ ಎಳೆದಿದ್ದರು. ಮೂರು ಗಂಟೆಗಿದ್ದ ಮುಖ್ಯ ರೇಸ್ ಒಂದು ಗಂಟೆಗೆ ಬಂದಿತ್ತು. ಇದನ್ನು ಶನಿವಾರವೇ ಹೇಳಿದ್ದರು. ಶನಿವಾರ ನಾನೆಲ್ಲಿದ್ದೆ? ಕೌಲಾಲಂಪುರದಲ್ಲಿ ಊರು ನೋಡುತ್ತಿದ್ದೆ. ‘ರೇಸ್ ಇರೋದು ಭಾನುವಾರ ತಾನೇ’ ಅನ್ನುವುದು ನನ್ನ ಲೆಕ್ಕ. ಹೋಟೆಲ್ ಕೂಡ ಊರಿನ ನಡುವೆಯೇ ಮಾಡಿದ್ದೆ. ಸರ್ಕ್ಯೂಟ್ ಇರುವುದು ವಿಮಾನ ನಿಲ್ದಾಣದ ಹತ್ತಿರ, ಊರಿಂದ ಬಹಳ ದೂರ. ಟ್ಯಾಕ್ಸಿ ಹಿಡಿದು, ಟ್ರಾಫಿಕ್ಕಿನಲ್ಲಿ ನಿಂತು, ಹನ್ನೆರಡೂವರೆಗೆ ಒಳಗೆ ಹೋದೆ. ಮುಖ್ಯ ರೇಸ್‌ಗೆ ಮುಂಚೆ ಚಿಕ್ಕ ಬೈಕ್‌ಗಳ ಮೋಟೋ3, ಮೋಟೋ2 ರೇಸ್ ಇರುತ್ತವೆ. ‘ಮೋಟೋ2 ಯಾವಾಗ ಶುರು?’ ಅಂತ ಪಕ್ಕದವರನ್ನು ಕೇಳಿದೆ. ಅವರು ನನ್ನನ್ನೇ ಒಂದು ಕ್ಷಣ ನೋಡಿ, ‘ಮುಗೀತು’ ಅಂದರು.

ಮುಗಿದದ್ದು ಬರೀ ರೇಸ್ ಅಲ್ಲ. ಆ ಬೆಳಿಗ್ಗೆ ಹೋರ್ಹೆ ಮಾರ್ಟಿನ್ ಮೋಟೋ3 ವಿಶ್ವ ಚಾಂಪಿಯನ್ ಆಗಿದ್ದ. ಫ್ರಾಂಚೆಸ್ಕೊ ಬನ್ಯಾಯ ಮೋಟೋ2 ಚಾಂಪಿಯನ್ ಆಗಿದ್ದ. ಆರು ವರ್ಷ ಬಿಟ್ಟು, 2024ರಲ್ಲಿ, ಇದೇ ಇಬ್ಬರು ಮೋಟೋಜಿಪಿ ಪಟ್ಟಕ್ಕೆ ಕೊನೆಯ ರೇಸ್‌ವರೆಗೂ ಹೊಡೆದಾಡಿದರು. ಆಗೆಲ್ಲ ನನ್ನ ಗೆಳೆಯ ಟೀವಿ ಮುಂದೆ ಕೂತು ಕೆಣಕುತ್ತಿದ್ದ: ‘ಇವರಿಬ್ಬರೂ ಒಂದೇ ದಿನ ಗೆದ್ದಾಗ ನೀನು ಅಲ್ಲೇ ಇದ್ದೆ ಅಲ್ವಾ? ಟ್ಯಾಕ್ಸಿಯಲ್ಲಿ.’

ಹಾಗಾಗಿ 2025ರ ಕ್ಯಾಲೆಂಡರ್ ಹೊರಬಿದ್ದಾಗ ಇಬ್ಬರೂ ಕೂತು, ಈ ಸಲ ಸರಿಯಾಗಿ ಮಾಡೋಣ ಅಂದುಕೊಂಡೆವು. ಕ್ಯಾಲೆಂಡರ್ ನೋಡುತ್ತಲೇ ಒಂದು ಜೋಡಿ ಕಣ್ಣಿಗೆ ಬಿತ್ತು. ಜೂನ್ 20ರಿಂದ 22, ಇಟಲಿಯ ಮುಜೆಲ್ಲೊ. ಜೂನ್ 27ರಿಂದ 29, ನೆದರ್‌ಲ್ಯಾಂಡ್ಸ್‌ನ ಆಸೆನ್. ಒಂದರ ಹಿಂದೆ ಒಂದು ವಾರ. ಎರಡೂ ಷೆಂಗೆನ್ ದೇಶಗಳು, ಅಂದರೆ ಒಂದೇ ವೀಸಾ ಸಾಕು. ಮೇಲಾಗಿ ಈಗ ಆಸೆನ್‌ನಲ್ಲಿ ನಡೆಯುವ ಡಚ್ ಟಿಟಿ (ಟೂರಿಸ್ಟ್ ಟ್ರೋಫಿ) ರೇಸ್ ಶುರುವಾದದ್ದು 1925ರಲ್ಲಿ, ಅಂದರೆ ನೂರನೇ ವರ್ಷ. ಗೆಳೆಯ ಆಗಲೇ ವಿಮಾನದ ದರ ನೋಡಲು ಫೋನ್ ತೆಗೆದಿದ್ದ. ನಾನು ಕಿತ್ತುಕೊಂಡೆ.

ವಿಮಾನ ಕೊನೆಗೆ. ಮೊದಲು ಎಲ್ಲಿ ಕೂರುವುದು ಅಂತ ಗೊತ್ತಾಗಬೇಕು.

ಇದು ಹಟದಂತೆ ಕಾಣಬಹುದು. ಆದರೆ ಒಂದು ಸಣ್ಣ ಲೆಕ್ಕ ನೋಡಿ. ಆಸೆನ್‌ನಲ್ಲಿ ಮುಖ್ಯ ರೇಸ್ 26 ಸುತ್ತು. ಒಂದು ಸುತ್ತಿಗೆ ಒಂದೂವರೆ ನಿಮಿಷದ ಮೇಲೆ ಸ್ವಲ್ಪ. ನೇರ ದಾರಿಯ ಪಕ್ಕ ಕೂತರೆ ಒಬ್ಬ ಸವಾರ ಒಂದು ಸುತ್ತಿನಲ್ಲಿ ಎರಡು ಸೆಕೆಂಡು ಕಾಣಬಹುದು. ಇಡೀ ರೇಸ್‌ಗೆ ಐವತ್ತೆರಡು ಸೆಕೆಂಡು. ಮಿಕ್ಕಿದ್ದೆಲ್ಲ ಕಾಯುವುದೇ. ಅದೇ ಬ್ರೇಕ್ ಹಿಡಿಯುವ ಜಾಗ, ತಿರುವು, ಅದರಿಂದ ಹೊರಬರುವ ದಾರಿ ಮೂರೂ ಕಾಣುವ ಕಡೆ ಕೂತರೆ ಎಂಟು ಹತ್ತು ಸೆಕೆಂಡು ಸಿಗುತ್ತದೆ. ಎಂಟೆಂದರೂ ಮೂರೂವರೆ ನಿಮಿಷ! ನಗಬೇಡಿ, ಅದಕ್ಕೇ ವಿಮಾನ ಹತ್ತುವುದು. ಟೀವಿಯಲ್ಲಿ ರೇಸ್ ಪೂರ್ತಿ ಕಾಣುತ್ತದೆ. ಸರ್ಕ್ಯೂಟ್‌ನಲ್ಲಿ ಒಂದು ತುಂಡು ಕಾಣುತ್ತದೆ. ಆ ತುಂಡು ಯಾವುದು ಅನ್ನುವುದೇ ಪ್ರವಾಸ.

ನಾವು ಮಾಡಿದ್ದು ಇಷ್ಟು. ಹಳೆಯ ರೇಸ್‌ಗಳ ವಿಡಿಯೋ ಹಾಕಿ, ಓವರ್‌ಟೇಕ್ ಆದ ಕಡೆಯಲ್ಲೆಲ್ಲ ಕಾಗದದ ನಕ್ಷೆ ಮೇಲೆ ಚುಕ್ಕಿ ಇಟ್ಟೆವು. ಆಸೆನ್‌ನಲ್ಲಿ ಚುಕ್ಕಿಗಳು ಒಂದೇ ಕಡೆ ಗುಂಪು ಕಟ್ಟಿದವು: ಕೊನೆಯ ಚಿಕೇನ್, ಅಂದರೆ ಬೆನ್ನುಬೆನ್ನಿಗೆ ಬಲಕ್ಕೂ ಎಡಕ್ಕೂ ತಿರುಗುವ ಇಕ್ಕಟ್ಟಾದ ಜಾಗ. ಹೆಸರು ಖೇರ್ಟ್ ಟಿಮ್ಮರ್. 2006ರಲ್ಲಿ ಕಾಲಿನ್ ಎಡ್ವರ್ಡ್ಸ್ ಗೆಲುವು ಕೈಯಲ್ಲಿರುವಾಗ ಕೊನೆಯ ಸುತ್ತಿನಲ್ಲಿ ಬಿದ್ದು, ನಿಕಿ ಹೇಡನ್ ಗೆದ್ದದ್ದು ಇಲ್ಲಿ. 2015ರಲ್ಲಿ ಮಾರ್ಕೆಸ್‌ಗೂ ರೋಸಿಗೂ ತಾಗಿ, ರೋಸಿ ಜಲ್ಲಿಯ ಮೇಲೆ ಬೈಕ್ ಹಾರಿಸಿಕೊಂಡು ಹೋಗಿ ಗೆದ್ದದ್ದೂ ಇಲ್ಲೇ. ಇಲ್ಲಿ ಬಿಟ್ಟು ಬೇರೆಲ್ಲಿ ಕೂರೋದು?

ಮುಜೆಲ್ಲೊ ಕಥೆ ಬೇರೆ. ಅಲ್ಲಿ ಚುಕ್ಕಿಗಳು ಹರಡಿಕೊಂಡವು. 5.245 ಕಿಲೋಮೀಟರ್, 15 ತಿರುವು, ಕಣಿವೆಯೊಳಗೆ ಹತ್ತಿ ಇಳಿಯುವ ಟ್ರ್ಯಾಕ್. ಸುತ್ತ ಗುಡ್ಡ. ಗುಡ್ಡದ ಹುಲ್ಲಿನ ಮೇಲೆ ಕೂರುವ ಟಿಕೆಟ್‌ಗೆ ಅಲ್ಲಿ ‘ಪ್ರಾತೊ’ ಅನ್ನುತ್ತಾರೆ. ಸೀಟು ನಂಬರ್ ಇಲ್ಲ, ಬೇಗ ಹೋದವರಿಗೆ ಜಾಗ. ಗುಡ್ಡ ಎತ್ತರ ಇದ್ದಷ್ಟೂ ಟ್ರ್ಯಾಕ್ ಜಾಸ್ತಿ ಕಾಣುತ್ತದೆ. ಅದಕ್ಕೇ ಅಲ್ಲಿ ಹುಲ್ಲೇ ಮೇಲು ಅಂತ ತೀರ್ಮಾನ ಮಾಡಿದೆವು. ದುಬಾರಿ ಸ್ಟ್ಯಾಂಡ್ ಅಂದ ಮಾತ್ರಕ್ಕೆ ಒಳ್ಳೆ ಜಾಗ ಅಂತ ಏನಿಲ್ಲ. ಎಷ್ಟೋ ಕಡೆ ದುಬಾರಿ ಸೀಟು ಬೈಕ್ ಸಜ್ಜು ಮಾಡುವ ಪಿಟ್ ಎದುರಿಗೆ ಇರುತ್ತದೆ. ಅಲ್ಲಿ ಕೂತರೆ ಮೆಕ್ಯಾನಿಕ್‌ಗಳನ್ನು ಚೆನ್ನಾಗಿ ನೋಡಬಹುದು.

ಇನ್ನೊಂದು ಗಟ್ಟಿ ತೀರ್ಮಾನ: ಟಿಕೆಟ್ ಮೂರು ದಿನಕ್ಕೂ ತೆಗೆಯುವುದು. ಇದಕ್ಕೆ ನನ್ನ ಸೆಪಾಂಗ್ ಒಂದೇ ಕಾರಣವಲ್ಲ. 2023ರಲ್ಲಿ ಆಸ್ಟ್ರೇಲಿಯಾದ ಫಿಲಿಪ್ ಐಲೆಂಡ್‌ನಲ್ಲಿ ಭಾನುವಾರ ಭಾರಿ ಗಾಳಿ ಬರುತ್ತದೆ ಅಂತ ಮುಖ್ಯ ರೇಸ್ ಅನ್ನೇ ಶನಿವಾರಕ್ಕೆ ತಂದರು. ಮಾರ್ಟಿನ್ ಕೊನೆಯ ಸುತ್ತಿನವರೆಗೆ ಮುಂದಿದ್ದು ಸೋತ, ಯೋಹಾನ್ ಝಾರ್ಕೊ ಗೆದ್ದ. ಭಾನುವಾರಕ್ಕೆ ಹಾಕಿದ್ದ ಸ್ಪ್ರಿಂಟ್ ಅನ್ನುವ ಚಿಕ್ಕ ರೇಸ್ ಗಾಳಿಗೆ ನಡೆಯಲೇ ಇಲ್ಲ. ಭಾನುವಾರದ ಟಿಕೆಟ್ ಮಾತ್ರ ಇಟ್ಟುಕೊಂಡು ಹೋದವರ ಮುಖ ನೆನೆಸಿಕೊಳ್ಳಿ. ಅದೂ ಅಲ್ಲದೆ 2023ರಿಂದ ಶನಿವಾರ ಮಧ್ಯಾಹ್ನ ಅರ್ಧ ದೂರದ ಸ್ಪ್ರಿಂಟ್ ರೇಸ್ ಇರುತ್ತದೆ. ಶನಿವಾರ ಬಿಟ್ಟರೆ ಒಂದು ರೇಸ್ ಬಿಟ್ಟ ಹಾಗೆಯೇ.

ಪೂರ್ತಿ ರದ್ದಾಗುವುದೂ ಉಂಟು. 2018ರ ಆಗಸ್ಟ್‌ನಲ್ಲಿ ಇಂಗ್ಲೆಂಡ್‌ನ ಸಿಲ್ವರ್‌ಸ್ಟೋನ್‌ನಲ್ಲಿ ಟ್ರ್ಯಾಕ್ ಮೇಲಿನ ಮಳೆನೀರು ಹೋಗದೆ, ಜನ ಇಡೀ ದಿನ ಕಾದು, ಒಂದೂ ರೇಸ್ ನಡೆಯಲಿಲ್ಲ. 2024ರ ಅಕ್ಟೋಬರ್ ಕೊನೆಗೆ ಸ್ಪೇನಿನ ವೆಲೆನ್ಸಿಯಾದಲ್ಲಿ ಪ್ರವಾಹ ಬಂದು ನೂರಾರು ಜನ ಸತ್ತರು. ವರ್ಷದ ಕೊನೆಯ ರೇಸ್ ಅಲ್ಲಿಂದ ಬಾರ್ಸಿಲೋನಾಗೆ ಹೋಯಿತು. ಅಂಥ ಹೊತ್ತಲ್ಲಿ ರೇಸ್ ಬಗ್ಗೆ ಗೊಣಗುವುದು ಸರಿಯಲ್ಲ. ಆದರೂ ವಾಪಸ್ ಸಿಗದ ದುಡ್ಡು ಕಟ್ಟಿದವರು ಕಟ್ಟಿದ್ದೇ. ಇದನ್ನೆಲ್ಲ ಮುಂದಿಟ್ಟುಕೊಂಡು ಒಂದು ನಿಯಮ ಮಾಡಿಕೊಂಡೆವು. ಹೋಟೆಲ್ ರದ್ದು ಮಾಡಲು ಬರುವಂಥದ್ದೇ ಇರಬೇಕು, ನಾಲ್ಕು ಕಾಸು ಜಾಸ್ತಿಯಾದರೂ. ವಿಮಾನ ಎಲ್ಲ ಮುಗಿದ ಮೇಲೆ.

ಅದೇ ಕ್ರಮದಲ್ಲಿ ಹೋದೆವು. ಆಸೆನ್ ಚಿಕೇನ್ ಎದುರಿನ ಸ್ಟ್ಯಾಂಡ್ ಟಿಕೆಟ್ ಮೊದಲು, ಯಾಕೆಂದರೆ ಅದೇ ಬೇಗ ಖಾಲಿಯಾಗುವುದು. ಆಮೇಲೆ ಮುಜೆಲ್ಲೊ ಹುಲ್ಲು. ಆಮೇಲೆ ಮಲಗುವ ಜಾಗ.

ಮಲಗುವ ಜಾಗ ಅಂದರೆ ನಿಜವಾದ ಗುದ್ದಾಟ. ಆಸೆನ್ ಚಿಕ್ಕ ಊರು. ರೇಸ್ ವಾರ ಅಲ್ಲಿ ಕೋಣೆ ಹುಡುಕುವುದು ಅಂದರೆ, ಹೋದ ವರ್ಷ ಇದ್ದವರು ಹೊರಡುವ ಮುಂಚೆಯೇ ಈ ವರ್ಷಕ್ಕೆ ಹೇಳಿ ಹೋಗಿರುತ್ತಾರೆ. ಎರಡು ರಾತ್ರಿ ಹುಡುಕಿ ಸೋತ ಮೇಲೆ ರೈಲು ನಕ್ಷೆ ತೆಗೆದೆವು. ಉತ್ತರಕ್ಕೆ ಖ್ರೋನಿಂಗೆನ್. ಆಸೆನ್‌ನಿಂದ ರೈಲಲ್ಲಿ ಸುಮಾರು 20 ನಿಮಿಷ. ವಿದ್ಯಾರ್ಥಿಗಳ ಊರು, ಕೋಣೆಗಳಿದ್ದವು. ಅಲ್ಲಿಂದ ನಮಗೆ ಒಂದು ಸೂತ್ರ ಸಿಕ್ಕಿತು: ಸರ್ಕ್ಯೂಟ್ ಇರುವ ಊರು ಬೇಡ, ಅದೇ ರೈಲು ಮಾರ್ಗದ ಮುಂದಿನ ಊರು ನೋಡು. ಥಾಯ್ಲೆಂಡ್‌ನ ಬುರಿರಾಮ್ ರೇಸ್‌ಗೆ ಹೋಗುವವರು ಸುರಿನ್‌ನಲ್ಲಿ ಉಳಿಯುತ್ತಾರಲ್ಲ, ಅದೇ ಉಪಾಯ.

ಮುಜೆಲ್ಲೊಗೆ ಫ್ಲಾರೆನ್ಸ್‌ನಲ್ಲಿ ಕೋಣೆ ಸಿಕ್ಕಿತು. ಅಲ್ಲಿಂದ ಸರ್ಕ್ಯೂಟ್ ಸುಮಾರು 30 ಕಿಲೋಮೀಟರ್. ಆದರೆ ಗೆಳೆಯನದ್ದು ಒಂದೇ ಹಟ, ಶನಿವಾರ ರಾತ್ರಿ ಗುಡ್ಡದ ಮೇಲೆ ಟೆಂಟ್. ‘ಮುಜೆಲ್ಲೊದಲ್ಲಿ ಯಾರೂ ಮಲಗಲ್ಲ’ ಅಂತ ಇಟಲಿಯವರಲ್ಲಿ ಒಂದು ಮಾತೇ ಇದೆ. ‘ಮಲಗದೇ ಇರೋಕೆ ಟೆಂಟ್ ಯಾಕೆ?’ ಅಂದೆ. ಕೇಳಲಿಲ್ಲ.

ಈಗ ವೀಸಾ. ಎಲ್ಲರೂ ಹೆದರುವ ಭಾಗ. ನಿಜ ಹೇಳಬೇಕೆಂದರೆ ಕಾಗದ ಸರಿಯಾಗಿದ್ದರೆ ಅದೇನೂ ಬ್ರಹ್ಮವಿದ್ಯೆಯಲ್ಲ. ಕಷ್ಟ ಇರುವುದು ಅಪಾಯಿಂಟ್‌ಮೆಂಟ್‌ನಲ್ಲಿ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಎಳೆಯಬಹುದು. ನಾವು ಫೆಬ್ರವರಿಯಲ್ಲಿ ಹುಡುಕಲು ಶುರು ಮಾಡಿದೆವು. ದಿನಾ ಬೆಳಿಗ್ಗೆ ಎದ್ದು ಪುಟ ತೆರೆದರೆ ಎಲ್ಲ ದಿನಾಂಕವೂ ಬೂದು ಬಣ್ಣ. ಒಂದು ದಿನ ಮಧ್ಯರಾತ್ರಿ ಗೆಳೆಯನಿಗೆ ನಿದ್ದೆ ಬಾರದೆ ತೆರೆದರೆ ಏಪ್ರಿಲ್‌ನಲ್ಲಿ ಎರಡು ಹಸಿರು. ಫೋನ್ ಮಾಡಿ ಎಬ್ಬಿಸಿದ. ನಾನು ಕಣ್ಣು ಮುಚ್ಚಿಕೊಂಡೇ ಪಾಸ್‌ಪೋರ್ಟ್ ನಂಬರ್ ಹೇಳಿದೆ. ಒಂದು ಅಂಕಿ ತಪ್ಪು ಹೇಳಿದ್ದೆ. ಅದನ್ನು ಸರಿ ಮಾಡಿಸಲು ಇನ್ನೊಂದು ವಾರ ಹೋಯಿತು.

ಎರಡು ದೇಶ ಇದ್ದಾಗ ಯಾವ ದೇಶಕ್ಕೆ ಅರ್ಜಿ? ಜಾಸ್ತಿ ದಿನ ಇರುವ ದೇಶಕ್ಕೆ. ನಮ್ಮದು ಇಟಲಿಯಲ್ಲಿ ಏಳು ರಾತ್ರಿ, ನೆದರ್‌ಲ್ಯಾಂಡ್ಸ್‌ನಲ್ಲಿ ನಾಲ್ಕು. ಹಾಗಾಗಿ ಇಟಲಿ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ಆರೋಗ್ಯ ವಿಮೆ, ಹೋಟೆಲ್ ಕಾಗದ, ಬ್ಯಾಂಕ್ ಲೆಕ್ಕ, ರಜೆ ಪತ್ರ. ಇದರ ಜೊತೆಗೆ ರೇಸ್ ಟಿಕೆಟ್‌ಗಳನ್ನೂ, ದಿನದಿನದ ಯೋಜನೆ ಬರೆದ ಒಂದು ಪುಟವನ್ನೂ ಇಟ್ಟೆವು. ಇವರು ಯಾಕೆ ಹೋಗುತ್ತಿದ್ದಾರೆ ಅನ್ನುವ ಪ್ರಶ್ನೆಗೆ ಆ ಟಿಕೆಟ್‌ಗಿಂತ ಒಳ್ಳೆ ಉತ್ತರ ಇಲ್ಲ.

ಅಲ್ಲೊಂದು ತಮಾಷೆಯಾಯಿತು. ಅರ್ಜಿಯಲ್ಲಿ ಪ್ರಯಾಣದ ಉದ್ದೇಶ ಅಂತ ಒಂದು ಪಟ್ಟಿ ಇರುತ್ತದೆ. ಪ್ರವಾಸ, ವ್ಯಾಪಾರ, ನೆಂಟರ ಭೇಟಿ, ಹೀಗೆ. ಅದರಲ್ಲಿ ‘ಕ್ರೀಡೆ’ ಅಂತಲೂ ಇದೆ. ಗೆಳೆಯ ಬಹಳ ಪ್ರಾಮಾಣಿಕವಾಗಿ ಅದಕ್ಕೆ ಗುರುತು ಹಾಕಿದ. ಕೌಂಟರಿನಲ್ಲಿದ್ದ ಹೆಂಗಸು ಕಾಗದ ನೋಡಿದರು, ಅವನ ಹೊಟ್ಟೆ ನೋಡಿದರು.

‘ಯಾವ ಟೀಮ್ ನಿಮ್ಮದು ಸಾರ್?’

‘ಟೀಮ್ ಇಲ್ಲ ಮೇಡಂ.’

‘ಮತ್ತೆ ಹೇಗೆ ಓಡಿಸ್ತೀರಿ?’

‘ಓಡಿಸಲ್ಲ ಮೇಡಂ. ನೋಡ್ತೀನಿ.’

ಅವರು ನಗು ತಡೆದುಕೊಂಡು ಇನ್ನೊಂದು ಫಾರಂ ಕೊಟ್ಟರು. ಆಡುವವರಿಗೆ ಕ್ರೀಡೆ, ನೋಡುವವರಿಗೆ ಪ್ರವಾಸ. ಇವತ್ತಿಗೂ ಅವನನ್ನು ರೇಗಿಸಲು ನನ್ನ ಹತ್ತಿರ ಇರುವುದು ಇದೊಂದೇ ಅಸ್ತ್ರ. ಅವನು ಟ್ಯಾಕ್ಸಿ ಅಂದರೆ ನಾನು ಟೀಮ್ ಅನ್ನುತ್ತೇನೆ.

ವೀಸಾ ಬಂದ ಮೇಲೆ ವಿಮಾನ ಮಾಡಿದೆವು. ತಡವಾಗಿದ್ದಕ್ಕೆ ಜಾಸ್ತಿ ತೆತ್ತೆವು, ಅದು ಒಪ್ಪಿಕೊಳ್ಳಲೇಬೇಕು. ಇನ್ನೊಂದು ವಿಷಯ ನಮ್ಮ ತಲೆಗೇ ಹೊಳೆದಿರಲಿಲ್ಲ. ರೇಸ್ ಬಿಟ್ಟು ಆ ವಾರ ಅಲ್ಲಿ ಬೇರೇನು ನಡೆಯುತ್ತಿದೆ? ಜೂನ್ 24 ಮತ್ತು 25ಕ್ಕೆ ನೆದರ್‌ಲ್ಯಾಂಡ್ಸ್‌ನ ಹೇಗ್‌ನಲ್ಲಿ ನೇಟೋ ಶೃಂಗಸಭೆ ಇತ್ತು. ದೇಶ ದೇಶಗಳ ನಾಯಕರೆಲ್ಲ ಆಮ್‌ಸ್ಟರ್‌ಡ್ಯಾಮ್ ಸುತ್ತಮುತ್ತ ಇಳಿಯುವ ದಿನಗಳು. ಮೊದಲ ಯೋಜನೆಯಲ್ಲಿ ನಾವು ಮಂಗಳವಾರ, ಅಂದರೆ ಸರಿಯಾಗಿ 24ಕ್ಕೆ, ಅಲ್ಲಿ ಇಳಿಯುವವರಿದ್ದೆವು. ಪೇಪರಿನಲ್ಲಿ ಓದಿ ಗಾಬರಿಯಾಗಿ ಗುರುವಾರಕ್ಕೆ ತಳ್ಳಿದೆವು. ಇಟಲಿಯ ಏಳು ರಾತ್ರಿ ಬಂದದ್ದು ಹೀಗೆ. ಯೋಜನೆ ಬದಲಾದದ್ದು ಅರ್ಜಿಗೆ ಮೊದಲೇ ಅನ್ನುವುದೊಂದು ಪುಣ್ಯ.

ಮುಜೆಲ್ಲೊ.

ಟೀವಿಯಲ್ಲಿ ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ. ಆದರೂ ಗುಡ್ಡದ ನೆತ್ತಿಯಿಂದ ಕೆಳಗೆ ನೋಡಿದಾಗ ಇದು ಬೇರೆ ಜಾಗ ಅನಿಸಿತು. ಕ್ಯಾಮೆರಾ ಎಲ್ಲವನ್ನೂ ಚಪ್ಪಟೆ ಮಾಡುತ್ತದೆ. ಕಸನೋವಾ, ಸವೆಲ್ಲಿ ಅನ್ನುವ ಜೋಡಿ ತಿರುವುಗಳು ಟೀವಿಯಲ್ಲಿ ಸುಮ್ಮನೆ ಬಲ ಎಡ. ಅಲ್ಲಿ ನಿಂತರೆ ಗೊತ್ತಾಗುತ್ತದೆ, ಅದು ಇಳಿಜಾರು, ಮೆಟ್ಟಿಲಿಲ್ಲದ ಬಾವಿಗೆ ಇಳಿದ ಹಾಗೆ. ಬೈಕ್ ಬಲಕ್ಕೆ ಮಲಗಿರುವಾಗಲೇ ನೆಲ ಕೆಳಗೆ ಜಾರುತ್ತದೆ. ಸವಾರನ ಮೊಣಕೈ ನೆಲಕ್ಕೆ ತಾಗುತ್ತದೆ, ಆಮೇಲೆ ಒಂದು ಕ್ಷಣದಲ್ಲಿ ಆ ಕಡೆಯಿಂದ ಈ ಕಡೆಗೆ ಎತ್ತಿ ಬೀಳಿಸುತ್ತಾನೆ. ಆ ಹೊರಳಾಟದಲ್ಲಿ ಎಂಜಿನ್ ಸದ್ದು ಅರ್ಧ ಉಸಿರಿನಷ್ಟು ನಿಂತು ಮತ್ತೆ ಬರುತ್ತದೆ. ಶುಕ್ರವಾರ ಇಡೀ ಬೆಳಿಗ್ಗೆ ನಾನು ಅದನ್ನೇ ಕೇಳುತ್ತ ನಿಂತಿದ್ದೆ.

ಇಲ್ಲಿನ ನೇರ ದಾರಿ 1.141 ಕಿಲೋಮೀಟರ್. 2023ರಲ್ಲಿ ಬ್ರ್ಯಾಡ್ ಬಿಂಡರ್ ಗಂಟೆಗೆ 366.1 ಕಿಲೋಮೀಟರ್ ವೇಗ ಮುಟ್ಟಿದ್ದು ಇದರ ಮೇಲೆ. ಅದನ್ನು ಹತ್ತಿರದಿಂದ ನೋಡಬೇಕು ಅಂತ ಗೆಳೆಯ ಒಮ್ಮೆ ಹೋಗಿ ಬಂದ. ‘ಹೇಗಿತ್ತು?’ ಅಂದೆ. ‘ಏನೂ ಕಾಣಿಸಲಿಲ್ಲ ಮಾರಾಯ. ಕತ್ತು ನೋಯ್ತಿದೆ’ ಅಂದ.

ಕಿವಿಗೆ ಇಯರ್‌ಪ್ಲಗ್ ಇಬ್ಬರಿಗೂ ಆಗುವಷ್ಟು ತಂದಿದ್ದೆ. ಅವನು ‘ಸದ್ದು ಕೇಳೋಕೇ ಬಂದಿರೋದು’ ಅಂತ ಹಾಕಿಕೊಳ್ಳಲಿಲ್ಲ. ಶುಕ್ರವಾರ ಸಂಜೆ ನಾನು ಏನು ಹೇಳಿದರೂ ‘ಆಂ?’ ಅನ್ನುತ್ತಿದ್ದ. ಶನಿವಾರ ಬೆಳಿಗ್ಗೆ ಸುಮ್ಮನೆ ಕೈ ಚಾಚಿದ, ಕೊಟ್ಟೆ. ಇದನ್ನು ಮಾತ್ರ ತಮಾಷೆ ಅಂದುಕೊಳ್ಳಬೇಡಿ. ಮಕ್ಕಳನ್ನು ಕರೆದುಕೊಂಡು ಹೋಗುವವರು ಕಿವಿ ಪೂರ್ತಿ ಮುಚ್ಚುವ ಮಫ್ ಇಲ್ಲದೆ ಹೋಗಲೇಬಾರದು.

ಶನಿವಾರದ ಸ್ಪ್ರಿಂಟ್‌ನಲ್ಲಿ ಮಾರ್ಕೆಸ್ ಶುರುವಿನಲ್ಲೇ ಎಡವಿ ಹಿಂದೆ ಬಿದ್ದ, ಆಮೇಲೆ ಒಬ್ಬೊಬ್ಬರನ್ನೇ ದಾಟಿ ಗೆದ್ದ. ಆ ರಾತ್ರಿ ಟೆಂಟ್. ‘ಮಲಗಲ್ಲ’ ಅನ್ನುವ ಮಾತನ್ನು ನಾನು ಅಲಂಕಾರ ಅಂದುಕೊಂಡಿದ್ದೆ. ಅಲಂಕಾರ ಅಲ್ಲ. ಎರಡು ಗಂಟೆಗೆ ಯಾರೋ ಚಕ್ರವೇ ಇಲ್ಲದ ಹಳೇ ಎಂಜಿನ್ ಒಂದನ್ನು ಮೇಜಿನ ಮೇಲೆ ಕಟ್ಟಿ, ಪೂರ್ತಿ ಆಕ್ಸಿಲರೇಟರ್ ಕೊಟ್ಟು, ಅದು ‘ಟಟಟಟ’ ಅಂತ ಕೊನೆ ಮಿತಿಗೆ ಬಡಿದುಕೊಳ್ಳುವುದನ್ನು ಹಬ್ಬದಂತೆ ನೋಡುತ್ತಿದ್ದರು. ಮರ ಕೊಯ್ಯುವ ಗರಗಸದ ಯಂತ್ರಗಳನ್ನು ಅಲಗು ತೆಗೆದು ಸುಮ್ಮನೆ ಓಡಿಸುವವರೂ ಇದ್ದರು. ಮೂರೂವರೆಗೆ ನಾನು ಇಯರ್‌ಪ್ಲಗ್ ಮೇಲೆ ಟೋಪಿ, ಟೋಪಿ ಮೇಲೆ ಟವೆಲ್ ಸುತ್ತಿಕೊಂಡು ಕೂತಿದ್ದೆ. ಗೆಳೆಯ ಪಕ್ಕದ ಟೆಂಟಿನವರ ಜೊತೆ ಹಾಡುತ್ತಿದ್ದ. ಅವನಿಗೆ ಇಟಾಲಿಯನ್ ಬರುವುದಿಲ್ಲ.

ಭಾನುವಾರ ಮೊದಲ ಸುತ್ತುಗಳಲ್ಲಿ ಮಾರ್ಕೆಸ್, ಅವನ ತಮ್ಮ ಅಲೆಕ್ಸ್, ಬನ್ಯಾಯ ಮೂವರೂ ಒಬ್ಬರ ಮೇಲೊಬ್ಬರು ಬಿದ್ದು ಹೋರಾಡಿದರು. ಗುಡ್ಡವೇ ಎದ್ದು ನಿಂತಿತ್ತು. ಕೊನೆಗೆ ಗೆದ್ದದ್ದು ಮಾರ್ಕೆಸ್. ಬನ್ಯಾಯನ ಮೂರನೇ ಜಾಗವನ್ನೂ ಡಿ ಜಿಯಾನಾಂಟೋನಿಯೊ ಕಿತ್ತುಕೊಂಡ. ಮಾರ್ಕೆಸ್ ಬಹುಮಾನದ ವೇದಿಕೆ ಮೇಲೆ ಬಂದಾಗ ಕೆಳಗೆ ಟ್ರ್ಯಾಕ್ ತುಂಬಿದ್ದ ಜನ ಜೋರಾಗಿ ಸಿಳ್ಳೆ ಹಾಕಿದರು. ‘ನೋಡು, ಸ್ಪೇನಿನವನಾದರೂ ಎಷ್ಟು ಮೆಚ್ಚಿಕೊಂಡಿದ್ದಾರೆ’ ಅಂದ ಗೆಳೆಯ. ಪಕ್ಕದಲ್ಲಿದ್ದ ಹಳದಿ ಅಂಗಿಯ ಹಿರಿಯರು ತಲೆ ಅಲ್ಲಾಡಿಸಿದರು. ಇಟಲಿಯಲ್ಲಿ ಸಿಳ್ಳೆ ಅಂದರೆ ಬೈಗುಳ. ಇಟಲಿಯದೇ ಆದ ಕೆಂಪು ಡುಕಾಟಿ ಮೇಲೆ ಗೆದ್ದರೂ ಅವನಿಗೆ ಬೈಗುಳ. 2015ರಲ್ಲಿ ರೋಸಿ ಜೊತೆ ಆಡಿದ ಜಗಳವನ್ನು ಇವರು ಇನ್ನೂ ಮರೆತಿಲ್ಲ. ಆ ಜಗಳ ನಡೆದದ್ದೂ ಸೆಪಾಂಗ್‌ನಲ್ಲೇ.

ಅಲ್ಲಿಂದ ಹೊರಬರುವುದನ್ನು ಮಾತ್ರ ನಾವು ಯೋಜನೆಯಲ್ಲಿ ಬರೆದೇ ಇರಲಿಲ್ಲ. ಒಳಗೆ ಹೋಗುವ ಜನ ಮೂರು ದಿನದಲ್ಲಿ ಹೋಗುತ್ತಾರೆ, ಹೊರಗೆ ಬರುವವರು ಒಂದೇ ಗಂಟೆಯಲ್ಲಿ ಬರುತ್ತಾರೆ. ಕಣಿವೆಯ ರಸ್ತೆ ಎಷ್ಟಿದೆಯೋ ಅಷ್ಟೇ ಇದೆ. ಬೆನ್ನಿಗೆ ಟೆಂಟ್, ಕೈಯಲ್ಲಿ ಚೀಲ, ಎರಡು ಗಂಟೆ ಧೂಳಿನಲ್ಲಿ ನಡೆದೆವು. ಫೋನ್‌ನಲ್ಲಿ ನೆಟ್‌ವರ್ಕ್ ಇಲ್ಲ, ಜನ ಅಷ್ಟು. ನಕ್ಷೆಯನ್ನು ಮುಂಚೆಯೇ ಇಳಿಸಿಕೊಂಡಿದ್ದು ಉಪಯೋಗಕ್ಕೆ ಬಂತು.

ಆಸೆನ್ ಇದಕ್ಕೆ ಪೂರ್ತಿ ಉಲ್ಟಾ. ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ವಿಮಾನ ನಿಲ್ದಾಣದ ಕೆಳಗೇ ರೈಲು. ಸ್ವೊಲೆ ದಾಟಿ ಉತ್ತರಕ್ಕೆ ಸುಮಾರು ಎರಡು ಗಂಟೆ. ನೆಲ ಅಂದರೆ ತಟ್ಟೆ. ಶುಕ್ರವಾರ ಬೆಳಿಗ್ಗೆ ಆಸೆನ್ ಸ್ಟೇಷನ್ನಿನಿಂದ ಸರ್ಕ್ಯೂಟ್ ಕಡೆ ಹೊರಟಾಗ ನೋಡಿದ ಮೊದಲ ದೃಶ್ಯ ಬೈಕ್ ಅಲ್ಲ, ಸೈಕಲ್. ಅಜ್ಜ, ಅಜ್ಜಿ, ಹಿಂದಿನ ಕ್ಯಾರಿಯರ್ ಮೇಲೆ ಮೊಮ್ಮಗು, ಎಲ್ಲರೂ ಸೈಕಲ್ ತುಳಿದುಕೊಂಡು ಮೋಟರ್‌ಸೈಕಲ್ ರೇಸ್ ನೋಡಲು ಹೊರಟಿದ್ದರು. ಸರ್ಕ್ಯೂಟ್ ಬಾಗಿಲಲ್ಲಿ ಸೈಕಲ್ ನಿಲ್ಲಿಸುವ ಜಾಗವೇ ಒಂದು ಮೈದಾನ.

ಶುಕ್ರವಾರ ನಾವು ಒಂದು ಕಡೆ ಕೂರಲಿಲ್ಲ. ಇಡೀ ದಿನ ನಡೆದು ನೋಡಿದೆವು. ಮೂರು ದಿನದ ಟಿಕೆಟ್‌ನ ನಿಜವಾದ ಲಾಭ ಇದೇ ಅಂತ ನನ್ನ ಅನಿಸಿಕೆ. ಅಭ್ಯಾಸದ ದಿನ ಜನ ಕಡಿಮೆ, ಬೈಕ್‌ಗಳು ಗಂಟೆಗಟ್ಟಲೆ ಓಡುತ್ತವೆ, ಯಾರು ಎಷ್ಟನೇ ಜಾಗ ಅನ್ನುವ ಚಿಂತೆ ಇಲ್ಲ. ಅದೇ ದಿನ ಮಾರ್ಕೆಸ್ ಒಂದಲ್ಲ, ಎರಡು ಸಲ ಜೋರಾಗಿ ಬಿದ್ದ. ಎರಡನೇ ಸಲ ಅವನು ಎದ್ದು ನಡೆಯುವವರೆಗೆ ಇಡೀ ದಿಬ್ಬ ಉಸಿರು ಹಿಡಿದಿತ್ತು.

ಭಾನುವಾರ ನಮ್ಮ ಸೀಟು. ಆಸೆನ್‌ನಲ್ಲಿ ರೇಸ್ ಶನಿವಾರವೇ ನಡೆಯುತ್ತಿತ್ತು, 2015ರವರೆಗೂ. 2016ರಿಂದ ಭಾನುವಾರ. 1949ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಶುರುವಾದಾಗಿನಿಂದ 2020 ಒಂದು ಬಿಟ್ಟರೆ ಯಾವ ವರ್ಷವೂ ಇಲ್ಲಿ ರೇಸ್ ತಪ್ಪಿಲ್ಲ. ನನ್ನ ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜ ಒಂದು ಸಣ್ಣ ಪುಸ್ತಕದಲ್ಲಿ ಪ್ರತಿ ಸುತ್ತೂ ಪೆನ್ಸಿಲ್‌ನಲ್ಲಿ ನಂಬರ್ ಬರೆಯುತ್ತಿದ್ದರು. ಪರದೆ ಎದುರಿಗೇ ಇತ್ತು, ನೋಡುತ್ತಿರಲಿಲ್ಲ.

ಚಿಕೇನ್‌ಗೆ ಮುಂಚೆ ರಾಮ್ಸ್‌ಹುಕ್ ಅನ್ನುವ ವೇಗದ ಎಡ ತಿರುವು. ಬೈಕ್ ಇನ್ನೂ ಎಡಕ್ಕೆ ವಾಲಿರುವಾಗಲೇ ಬ್ರೇಕ್ ಹಿಡಿಯಬೇಕು. ಹಿಂದಿನ ಚಕ್ರ ಹಗುರಾಗುತ್ತದೆ, ನಾಯಿ ಬಾಲದ ಹಾಗೆ ಆ ಕಡೆ ಈ ಕಡೆ ಆಡುತ್ತದೆ. ಕೆಲವರ ಚಕ್ರ ನೆಲ ಬಿಟ್ಟೇ ಬಿಡುತ್ತದೆ. ಅದೇ ಸ್ಥಿತಿಯಲ್ಲಿ ಹಿಂದಿನಿಂದ ಇನ್ನೊಬ್ಬ ಮೂಗು ತೂರಿಸುತ್ತಾನೆ. ಇಬ್ಬರಿಗೆ ಸಾಲುವ ಜಾಗವೇ ಅಲ್ಲ ಅದು. ಇಪ್ಪತ್ತಾರು ಸುತ್ತೂ ನಮ್ಮೆದುರೇ ಇದು ನಡೆಯಿತು. ಮೊದಲ ಜಾಗದಿಂದ ಹೊರಟ ಫ್ಯಾಬಿಯೊ ಕ್ವಾರ್ಟರಾರೊ ಹಿಂದೆ ಸರಿದ. ಮಾರ್ಕೆಸ್ ಮುಂದೆ, ಅವನ ಹಿಂದೆ ಮಾರ್ಕೊ ಬೆಜೆಕ್ಕಿ. ಪ್ರತಿ ಸಲ ರಾಮ್ಸ್‌ಹುಕ್ ದಾಟುವಾಗಲೂ ಈಗ ನುಗ್ಗುತ್ತಾನೆ, ಈಗ ನುಗ್ಗುತ್ತಾನೆ ಅನಿಸುತ್ತಿತ್ತು. ನುಗ್ಗಲಿಲ್ಲ. ಕೊನೆಯ ಸುತ್ತಿನಲ್ಲೂ ಇಲ್ಲ. ಮಾರ್ಕೆಸ್ ಬಾಗಿಲು ಹಾಕಿಕೊಂಡೇ ಚಿಕೇನ್ ದಾಟಿ ಗೆದ್ದ. ಮೋಟೋಜಿಪಿ ದರ್ಜೆಯಲ್ಲಿ ಅದು ಅವನ 68ನೇ ಗೆಲುವು, 500 ಸಿಸಿ ಕಾಲದ ಜಾಕೊಮೊ ಅಗೋಸ್ಟಿನಿಯ ಲೆಕ್ಕಕ್ಕೆ ಸರಿಸಮ.

ನಾವು ಕಾಯುತ್ತಿದ್ದ ಕೊನೇ ಸುತ್ತಿನ ಜಗಳ ಆಗಲಿಲ್ಲ ನಿಜ. ಆದರೆ ಆಗದೇ ಇದ್ದದ್ದನ್ನು ಕಣ್ಣಾರೆ ನೋಡಿದೆವು. ಸೆಪಾಂಗ್‌ಗಿಂತ ಅದು ಎಷ್ಟೋ ವಾಸಿ. ಮುಂದಿನ ಸಾಲಿನ ಅಜ್ಜ ಕೊನೆಯ ನಂಬರ್ ಬರೆದು, ಪೆನ್ಸಿಲನ್ನು ಕಿವಿ ಹಿಂದೆ ಸಿಕ್ಕಿಸಿ, ಪುಸ್ತಕ ಮುಚ್ಚಿ ಎದ್ದರು. ಸೈಕಲ್ ಬೀಗದ ಕೀ ಆಗಲೇ ಕೈಯಲ್ಲಿತ್ತು.

ವಾಪಸ್ ವಿಮಾನ ಸೋಮವಾರಕ್ಕೆ ಇಟ್ಟಿದ್ದೆವು. ರೇಸ್ ಮುಗಿದ ರಾತ್ರಿಯೇ ಹೊರಡುವ ವಿಮಾನ ಅಗ್ಗವಾಗಿತ್ತು, ಗೆಳೆಯ ಅದಕ್ಕೆ ಒಂದು ವಾರ ವಾದ ಮಾಡಿದ್ದ. ಭಾನುವಾರ ಸಂಜೆ ಸ್ಟೇಷನ್ನಿನ ಹೊರಗೆ ಒಂದೂಕಾಲು ಗಂಟೆ ಸಾಲಿನಲ್ಲಿ ನಿಂತಾಗ ನಾನು ಅವನ ಮುಖ ನೋಡಿದೆ. ಅವನು ಆಕಾಶ ನೋಡಿದ.

ಮನೆಗೆ ಬಂದು ತಿಂಗಳಾಗಿರಲಿಲ್ಲ. ಒಂದು ರಾತ್ರಿ ಅವನಿಂದ ಮೆಸೇಜ್. ಹಡಗಿನ ವೇಳಾಪಟ್ಟಿ. ಇಂಗ್ಲೆಂಡ್‌ನ ಹೀಶಮ್‌ನಿಂದ ಐಲ್ ಆಫ್ ಮ್ಯಾನ್ ದ್ವೀಪದ ಡಗ್ಲಸ್‌ಗೆ, ಸುಮಾರು ಮೂರು ಮುಕ್ಕಾಲು ಗಂಟೆ. ಐಲ್ ಆಫ್ ಮ್ಯಾನ್ ಟಿಟಿ! ಊರಿನ ರಸ್ತೆಗಳನ್ನೇ ಮುಚ್ಚಿ, ಕಲ್ಲುಗೋಡೆ, ಮನೆ ಬಾಗಿಲುಗಳ ನಡುವೆ ನಡೆಯುವ ರೇಸ್. ಪೀಟರ್ ಹಿಕ್‌ಮನ್ 2023ರಲ್ಲಿ ಅಲ್ಲಿ ಒಂದು ಸುತ್ತನ್ನು ಗಂಟೆಗೆ 219 ಕಿಲೋಮೀಟರ್ ಸರಾಸರಿಯಲ್ಲಿ ಓಡಿಸಿದ. ರಸ್ತೆ ಮುಚ್ಚಿದ ಮೇಲೆ ಕೂತಲ್ಲಿಂದ ಏಳುವ ಹಾಗಿಲ್ಲ, ಮತ್ತೆ ತೆರೆಯುವವರೆಗೆ ಅದೇ ಬೇಲಿ, ಅದೇ ತಿರುವು. ಷೆಂಗೆನ್ ನಡೆಯಲ್ಲ, ಬ್ರಿಟನ್ನಿನ ಬೇರೆ ವೀಸಾ. ಹಡಗು, ಕೋಣೆ ಎಲ್ಲ ಒಂದು ವರ್ಷ ಮುಂಚೆ.

‘ಯಾವ ತಿರುವು?’ ಅಂತ ಕೇಳಿದೆ.

ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು. ‘60 ಕಿಲೋಮೀಟರ್ ಇದೆ, 200ಕ್ಕೂ ಮೇಲೆ ತಿರುವು. ನಕ್ಷೆ ಪ್ರಿಂಟ್ ಹಾಕಿಸ್ತಿದೀನಿ. ದೊಡ್ಡ ಹಾಳೆ ಬೇಕು.’